ರೀಲು ಬಿಡದೆ... ಹುಲಿಯ ಅಂದರೆ ಹುಲಿಯಲ್ಲ!



ಈ ವಾರ ಈ ಪುಟದಲ್ಲಿ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕ ಯಾರ ಮೇಲೆ ಮುನಿಸಿಕೊಂಡ ಎಂಬುದೂ ಇಲ್ಲ. ಅದಕ್ಕೆಲ್ಲ ಪತ್ರಿಕೆಯಲ್ಲಿ ಬೇರೆ ಪುಟಗಳಿವೆ, ಬೇರೆ ಪುಣ್ಯಾತ್ಮರಿದ್ದಾರೆ. ಮೂರು ತಿಂಗಳಿಗೊಮ್ಮೆ ನಾನು ಓದಿದ ಕಾದಂಬರಿಗಳ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆಯುವುದು ಇಲ್ಲಿಯ ಪದ್ಧತಿ. ಆದರೆ ಈ ಸಲ ಶುರು ಮಾಡುವ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ಹೋದ ತಿಂಗಳು ಒಂದು ಕಾಗದ ಬಂತು. ಬರೆದವರು ಶಿವಮೊಗ್ಗ ಕಡೆಯ ಒಬ್ಬ ಬಸ್ ಕಂಡಕ್ಟರು. ನಾನು ಮಾತೆತ್ತಿದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೆಸರು ತರುತ್ತೇನಂತೆ. ಅವರಿಗೂ ಅದು ಬಲು ಇಷ್ಟವಂತೆ. ‘ಹುಲಿಯನ ಕತೆ ಮುಗಿಯುವ ಜಾಗ ಓದುವಾಗ ನಿಮಗೆ ಏನನ್ನಿಸಿತು? ಒಂದು ಸಲ ಬರೀರಿ ಸಾರ್’ ಅಂತ ಕೇಳಿದ್ದರು.

ನಾನು ತಕ್ಷಣ ಪೆನ್ನು ತೆಗೆದೆ. ಹುಲಿ ತಾನೇ? ಮಲೆನಾಡಿನ ಕಾಡು, ಬೇಟೆ, ಕೋವಿ, ಆ ವನ್ಯಮೃಗದ ಗಾಂಭೀರ್ಯ ಅಂತ ನಾಲ್ಕು ಸಾಲು ಗೀಚಿಯೂ ಬಿಟ್ಟೆ. ಅಚ್ಚಿಗೆ ಕೊಡುವ ಮುಂಚೆ ಯಾಕೋ ಕೈ ನಡುಗಿತು. ಯಾಕೆಂದರೆ, ಸ್ವಾಮೀ, ನಾನು ಆ ಕಾದಂಬರಿ ಓದಿರಲೇ ಇಲ್ಲ!

ಹೌದು. ಎರಡು ಸಲ ಕೈಗೆತ್ತಿಕೊಂಡು, ಎರಡು ಸಲವೂ ಐವತ್ತನೆಯ ಪುಟದ ಆಸುಪಾಸಿನಲ್ಲಿ ಮುಗ್ಗರಿಸಿ ಕೆಳಗಿಟ್ಟವನು ನಾನು. ಆದರೂ ನಾಲ್ಕು ವರ್ಷದಿಂದ ‘ಓದಿದ್ದೀನಿ’ ಅಂತ ಹೇಳಿಕೊಂಡು ತಿರುಗಿದ್ದೇನೆ. ಒಂದು ಚಿತ್ರದ ಮುಹೂರ್ತದಲ್ಲಿ ದೊಡ್ಡ ನಿರ್ದೇಶಕರೊಬ್ಬರು ಎಲ್ಲರ ಎದುರು ಕೇಳಿದರು, ‘ಏನಯ್ಯಾ, ಪತ್ರಕರ್ತ ಅಂತೀಯ, ಮದುಮಗಳು ಓದಿದ್ದೀಯಾ?’ ಸುತ್ತ ಇದ್ದವರೆಲ್ಲ ಎಂ.ಎ. ಮಾಡಿದವರು. ನಾನೋ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಬಾಯಿಗೆ ಬಂದದ್ದು ‘ಓದಿದ್ದೀನಿ ಸಾರ್’ ಅಂತ. ಅವತ್ತು ಬಿಟ್ಟ ರೀಲು ಸುತ್ತುತ್ತಾ ಸುತ್ತುತ್ತಾ ಈ ಅಂಕಣದವರೆಗೂ ಬಂತು. ಅಂಕಣದ ಹೆಸರು ನೋಡಿದರೆ ‘ರೀಲು ಬಿಡದೆ’! ನಾಚಿಕೆಯಾಯಿತು. ಪುಸ್ತಕ ಕೊಂಡೆ, ಕೂತೆ, ಓದಿದೆ. ಆ ವಿಚಾರ ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಮೂರು ತಿಂಗಳಲ್ಲಿ ಓದಿದ ಮಿಕ್ಕವುಗಳ ಲೆಕ್ಕ ಒಪ್ಪಿಸಬೇಕು. ಇವು ಪೂರ್ತಿ ಓದಿದವು, ಆಣೆಗೂ.

ಮೊದಲು ಒಂದು ಪತ್ತೇದಾರಿ. ಹೆಸರು ಬೇಡ, ಬರೆದವರು ಬದುಕಿದ್ದಾರೆ, ಎದುರಿಗೆ ಸಿಗುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಕೊಂಡು ತುಮಕೂರು ತಲುಪುವಷ್ಟರಲ್ಲಿ ಮುಗಿಯಿತು. ಓಟ ಚೆನ್ನಾಗಿತ್ತು. ಆದರೆ ಕೊಲೆಗಾರ ಯಾರು ಗೊತ್ತೇ? ಅಲ್ಲಿಯವರೆಗೆ ಒಂದು ಸಾಲಿನಲ್ಲೂ ಸುಳಿಯದ ಅವಳಿ ತಮ್ಮ! ಕೊನೆಯ ಎಂಟು ಪುಟದಲ್ಲಿ ವಿದೇಶದಿಂದ ಇಳಿದು ಬಂದ. ಇದು ಓದುಗನ ಜೇಬಿಗೆ ಕೈ ಹಾಕಿದ ಹಾಗೆ. ನಾನು ತಲೆ ಕೆಡಿಸಿಕೊಂಡು ಅಡಿಗೆಯವನ ಮೇಲೆ ಅನುಮಾನ ಪಟ್ಟಿದ್ದಕ್ಕೆ ಏನು ಬೆಲೆ? ಸಿನಿಮಾದಲ್ಲಾದರೆ ಗಾಂಧಿ ಕ್ಲಾಸಿನವರು ಪರದೆಯ ಮೇಲೆ ಚಪ್ಪಲಿ ಎಸೆಯುತ್ತಿದ್ದರು.

ಪತ್ತೇದಾರಿ ಅಂದರೆ ಮೂಗು ಮುರಿಯುವವನಲ್ಲ ನಾನು. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಒಂದು ಕಾಲದಲ್ಲಿ ಕರ್ನಾಟಕವೇ ಓಡಿತ್ತು. ನಮ್ಮ ಸೋದರಮಾವ ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಪುರುಷೋತ್ತಮನ ಜತೆಯಲ್ಲಿ. ಇನ್ನು ಟಿ.ಕೆ. ರಾಮರಾಯರು. ಅವರೂ ಪತ್ತೇದಾರಿಗೆ ಹೆಸರಾದವರೇ. 1972ರಲ್ಲಿ ರಾಜಕುಮಾರ್ ನಟಿಸಿದ ‘ಬಂಗಾರದ ಮನುಷ್ಯ’ ಅವರದೇ ಕಾದಂಬರಿ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಚಿತ್ರದ ಹಾಡು ಬಾಯಿಪಾಠ ಇರುವವರಿಗೂ ಕಾದಂಬರಿಕಾರರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಪತ್ರಿಕೆಗಳದೂ ಇದರಲ್ಲಿ ಪಾಲಿದೆ ಬಿಡಿ.

ಆಮೇಲೆ ‘ತುಳಸಿದಳ’. ತೆಲುಗಿನ ಯಂಡಮೂರಿ ವೀರೇಂದ್ರನಾಥರದ್ದು, ಕನ್ನಡಕ್ಕೆ ವಂಶಿಯವರು ತಂದದ್ದು. 1985ರಲ್ಲಿ ಕನ್ನಡದಲ್ಲಿ ಚಿತ್ರವೂ ಆಗಿತ್ತು. ಪುಟ್ಟ ಹುಡುಗಿ ತುಳಸಿ, ಅವಳ ಮೇಲೆ ಆಸ್ತಿಗಾಗಿ ಮಾಟ. ಸತ್ಯ ಹೇಳಿಬಿಡುತ್ತೇನೆ. ರಾತ್ರಿ ಒಂದು ಗಂಟೆಗೆ ನೀರು ಕುಡಿಯಬೇಕೆನ್ನಿಸಿ, ಅಡಿಗೆಮನೆಯವರೆಗೆ ಹೋಗಲು ಧೈರ್ಯವಿಲ್ಲದೆ ಹಾಗೇ ಮಲಗಿದೆ. ಇಷ್ಟು ವಯಸ್ಸಾದ ಗಂಡಸು! ಅಷ್ಟರಮಟ್ಟಿಗೆ ಯಂಡಮೂರಿ ಗೆದ್ದರು. ಆದರೆ ಬೆಳಗಾದ ಮೇಲೆ ಯೋಚಿಸಿದರೆ, ಮಗುವನ್ನು ಉಳಿಸಿದ್ದು ಮಂತ್ರವೋ ವಿಜ್ಞಾನವೋ ಎಂಬುದನ್ನು ಅವರು ಎರಡು ದೋಣಿಯಲ್ಲೂ ಕಾಲಿಟ್ಟು ಬಿಟ್ಟುಬಿಟ್ಟಿದ್ದಾರೆ. ನಂಬುವವನಿಗೂ ಖುಷಿ, ನಂಬದವನಿಗೂ ಖುಷಿ, ಕೊಳ್ಳುವವರು ಇಬ್ಬರೂ. ಜಾಣತನ ನಿಜ. ಪ್ರಾಮಾಣಿಕತನ? ಮಾಟದ ಹೆಸರಿನಲ್ಲಿ ಮುದುಕಿಯರನ್ನು ಕಂಬಕ್ಕೆ ಕಟ್ಟಿ ಹೊಡೆಯುವ ಸುದ್ದಿ ಓದುವ ನಾಡಿನಲ್ಲಿ, ಹೆದರಿಸುವವನು ಕೊನೆಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಬರೆಯಿರಿ.

ಹೆದರಿಕೆ ಅಂದಾಗ ಇನ್ನೊಂದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’, 2013ರದ್ದು. ನೂರು ಪುಟದ ಒಳಗೆ ಬಾಹರ್. ದೆವ್ವವಿಲ್ಲ, ಮಾಟವಿಲ್ಲ, ಕತ್ತಿಯಿಲ್ಲ. ಬೆಂಗಳೂರಿನ ಒಂದು ಮನೆ. ಅಪ್ಪ ಸೇಲ್ಸ್‌ಮನ್ ಆಗಿದ್ದಾಗ ಬಿಗಿಯಾಗಿ ಬದುಕುತ್ತಿದ್ದವರು, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ದುಡ್ಡು ನೋಡುತ್ತಾರೆ. ಹಳೆಯ ಮನೆಯಲ್ಲಿ ಇರುವೆಗಳ ಕಾಟವಿತ್ತಲ್ಲ, ಅವನ್ನು ಅವರು ಕೊಲ್ಲುವ ರೀತಿ ಓದಿ. ಆಮೇಲೆ ಆ ಮನೆಗೆ ಬಂದ ಸೊಸೆ ಅನಿತಾಳನ್ನು ನೆನೆಸಿಕೊಳ್ಳಿ. ಕೊನೆಯಲ್ಲಿ ಅವಳಿಗೆ ಏನಾಯಿತು ಅಂತ ಲೇಖಕರು ಹೇಳುವುದೇ ಇಲ್ಲ. ಮೊದಲ ಸಲ ಓದಿದಾಗ ನನಗೆ ಕೋಪವೇ ಬಂತು. ಕ್ಲೈಮ್ಯಾಕ್ಸ್ ಹೊತ್ತಿಗೆ ಕರೆಂಟು ಹೋದ ಥಿಯೇಟರಿನಿಂದ ಎದ್ದು ಬಂದ ಹಾಗೆ. ಮಾರನೆಯ ದಿನ ಮತ್ತೆ ಮೊದಲಿನಿಂದ ಓದಿದೆ. ಆಗ ಗೊತ್ತಾಯಿತು, ಹೇಳಬೇಕಾದ್ದನ್ನೆಲ್ಲ ಆಗಲೇ ಹೇಳಿಯಾಗಿದೆ, ಕೇಳಿಸಿಕೊಳ್ಳದವನು ನಾನು. ‘ತುಳಸಿದಳ’ದ ಹೆದರಿಕೆ ಒಂದು ರಾತ್ರಿ ಇತ್ತು. ಇದರದ್ದು ಊಟಕ್ಕೆ ಕೂತಾಗಲೆಲ್ಲ ಬರುತ್ತದೆ. ನಮ್ಮ ಮನೆಯಲ್ಲಿ ಯಾರು ದುಡಿಯುತ್ತಾರೋ ಅವರ ತಟ್ಟೆಗೆ ಅಮ್ಮ ಮೊದಲು ಬಡಿಸುವುದನ್ನು ಇಪ್ಪತ್ತು ವರ್ಷದಿಂದ ನೋಡಿದ್ದೆ, ಗಮನಿಸಿರಲಿಲ್ಲ.

ಇತಿಹಾಸದ ಕಡೆ ಬರೋಣ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’. ಇವರು ಕೃಷಿ ವಿಜ್ಞಾನಿ. ಸೋಮನಾಥಪುರದ ಹೊಯ್ಸಳ ದೇವಸ್ಥಾನದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಅಮೆರಿಕದಿಂದ ಆಮೇಲೆ ಬಂದ ಬೆಳೆ ಅಷ್ಟು ಹಿಂದೆಯೇ ಇಲ್ಲಿಗೆ ಹೇಗೆ ಬಂತು? ಈ ಕೊಕ್ಕೆಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಆದರೆ ಪಾತ್ರಗಳೆಲ್ಲ ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡುತ್ತಾ ಓಡುತ್ತಾ ಪಾಠ ಹೇಳುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ಒಬ್ಬರ ಮುಖವೂ ನೆನಪಿಲ್ಲ. ಆ ತೆನೆ ಮಾತ್ರ ನೆನಪಿದೆ. ಒಂದು ಭಾನುವಾರ ಮೈಸೂರು ಬಸ್ಸು ಹತ್ತಿ, ಅಲ್ಲಿಂದ ಸೋಮನಾಥಪುರಕ್ಕೆ ಹೋಗಿ ಕಣ್ಣಾರೆ ನೋಡಿಕೊಂಡು ಬಂದೆ. ನೋಡಲು ಜೋಳದ ಹಾಗೇ ಇದೆ! ಅದು ಜೋಳವಲ್ಲ ಅನ್ನುವ ಪಂಡಿತರೂ ಇದ್ದಾರೆ. ನನ್ನಂಥ ಸೋಮಾರಿಯನ್ನು ಅಷ್ಟು ದೂರ ಎಬ್ಬಿಸಿ ಕಳಿಸಿದ ಪುಸ್ತಕಕ್ಕೆ ಮುಖ ನೆನಪಿಲ್ಲದ ಪಾತ್ರಗಳನ್ನು ಕ್ಷಮಿಸಿದ್ದೇನೆ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಇದೇ ಸಾಲಿನದಲ್ಲ, ಇದು ಬೇರೆ ಜಾತಿಯ ಕುದುರೆ. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ವಿಜಯನಗರದ ತುಂಗಭದ್ರೆ. ಅಲ್ಲಿ ಯಹೂದಿ ಹುಡುಗಿ ಬೆಲ್ಲಾ, ಕ್ರೈಸ್ತ ಹುಡುಗ ಗೇಬ್ರಿಯಲ್. ಲಿಸ್ಬನ್ನಿನ ಭಾಗ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಹಡಗಿನ ಪಯಣ ಓದುವಾಗ ನನಗೇ ವಾಂತಿ ಬರುವ ಹಾಗಾಯಿತು. ವಿಜಯನಗರದ ಭಾಗದಲ್ಲಿ ಮಾತ್ರ ಲೇಖಕರು ತಾವು ಕಲೆಹಾಕಿದ ಮಾಹಿತಿಯನ್ನೆಲ್ಲ ಎಲೆಗೆ ಬಡಿಸಲೇಬೇಕು ಅಂತ ಹಟ ಹಿಡಿದ ಹಾಗೆ ಕಂಡಿತು. ಮದುವೆ ಮನೆಯಲ್ಲಿ ಹೊಟ್ಟೆ ತುಂಬಿದ ಮೇಲೂ ‘ಇನ್ನೊಂದು ಹೋಳಿಗೆ’ ಅನ್ನುತ್ತಾರಲ್ಲ, ಹಾಗೆ. ಆದರೂ ಓದಿ. ರಾಜರ ಕತೆ ಅಂದರೆ ಕಿರೀಟ-ಕತ್ತಿ ಅಂದುಕೊಂಡ ನಮ್ಮ ಪೌರಾಣಿಕ ಚಿತ್ರದವರು ಎರಡು ಸಲ ಓದಲಿ.

ತೇಜಸ್ವಿಯವರ ‘ಕರ್ವಾಲೊ’ ನಾನು ಓದುತ್ತಿರುವುದು ಇದು ಮೂರನೆಯ ಸಲ. ಮಂದಣ್ಣ, ಬಿರಿಯಾನಿ ಕರಿಯಪ್ಪ, ಎಂಗ್ಟ, ಕಿವಿ ನಾಯಿ... ಇದರ ಬಗ್ಗೆ ಅಭಿಪ್ರಾಯ ಕೇಳುವುದು ಮನೆಯವರ ಬಗ್ಗೆ ಅಭಿಪ್ರಾಯ ಕೇಳಿದ ಹಾಗೆ. ಹಾರುವ ಓತಿಯ ಹಿಂದೆ ಇಷ್ಟು ಜನ ಕಾಡು ಸುತ್ತಿ, ಕೊನೆಗೆ ಅದು ಕಣ್ಣೆದುರಿಗೇ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಸಿಕ್ಕಿದ್ದೇನು? ಏನೂ ಇಲ್ಲ! ಆದರೂ ಆ ಪತ್ತೇದಾರಿಯವನ ಅವಳಿ ತಮ್ಮನ ಹಾಗೆ ಮೋಸ ಅನ್ನಿಸುವುದಿಲ್ಲ. ಯಾಕೆ ಅಂತ ಸಾಹಿತ್ಯ ಬಲ್ಲವರು ಹೇಳಬೇಕು. ನಾನು ಮತ್ತೆ ಓದುತ್ತೇನೆ, ಅಷ್ಟೇ.

ಈಗ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರ ಕಾದಂಬರಿ. 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮನಾಗಿದ್ದರು. ನಾನು ಚಿತ್ರ ಮೊದಲು ನೋಡಿ ಆಮೇಲೆ ಪುಸ್ತಕಕ್ಕೆ ಬಂದವನು. ಬಾಲ್ಯದಲ್ಲೇ ಗಂಡ ಸತ್ತು, ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಹೆಣ್ಣು ನೂರು ವರ್ಷ ದಾಟಿ ಬದುಕಿದ ಕತೆ. ಕತೆ ಅಂದೆನೇ? ಇಂದಿರಾ ಅವರ ಮನೆತನದಲ್ಲೇ ಬದುಕಿ ಹೋದ ಹಿರಿಯ ಜೀವ ಅದು. ಇಂಥ ವಸ್ತು ನಮ್ಮ ಗಾಂಧಿನಗರದ ಸಂಭಾಷಣೆಕಾರರ ಕೈಗೆ ಸಿಕ್ಕಿದ್ದರೆ ಪುಟಕ್ಕೊಂದು ಶಪಥ, ಕಣ್ಣೀರಿನ ಕೋಡಿ. ಇಂದಿರಾ ಒಂದು ಕಡೆಯೂ ದನಿ ಏರಿಸುವುದಿಲ್ಲ. ಹಪ್ಪಳ-ಸಂಡಿಗೆ, ಬಾಣಂತನ, ಮಡಿ-ಮೈಲಿಗೆ ಅಂತ ಮನೆಯಂಗಳದ ಮಾತಾಡುತ್ತಲೇ ಹೋಗುತ್ತಾರೆ. ಆ ಫಣಿಯಮ್ಮ, ಎಲ್ಲರ ಮಡಿ ಕಾಯ್ದವಳು, ಯಾರೂ ಮುಟ್ಟದ ಜಾತಿಯ ಹೆಣ್ಣೊಬ್ಬಳು ಹೆರಿಗೆಯ ಸಂಕಟದಲ್ಲಿದ್ದಾಗ ಹೋಗಿ ಮಗು ತೆಗೆದು ಬರುತ್ತಾಳೆ. ಇನ್ನೊಬ್ಬ ಹುಡುಗಿ ದಾಕ್ಷಾಯಿಣಿ, ತಾನು ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ತಿರುಗಿ ಬಿದ್ದಾಗ ಈ ಮುದುಕಿ ಅವಳ ಪರ ನಿಲ್ಲುತ್ತಾಳೆ.

ನಾನು ಇದನ್ನು ಓದಿದ್ದು ಹಾಸನದ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದ ಅಜ್ಜಿ ರಕ್ಷಾಪುಟದ ಚಿತ್ರ ನೋಡಿ ‘ಏನಪ್ಪಾ ಅದು?’ ಅಂದರು. ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದು, ‘ನಮ್ಮ ದೊಡ್ಡತ್ತೆ ಹಂಗೇ ಇದ್ರು. ಅವ್ರ ಹೆಸ್ರೇ ನಂಗೊತ್ತಿಲ್ಲ ನೋಡು. ದೊಡ್ಡತ್ತೆ ಅಂತ್ಲೇ ಕರೀತಿದ್ವಿ’ ಅಂದರು. ಚನ್ನರಾಯಪಟ್ಟಣದಲ್ಲಿ ಇಳಿದು ಹೋದರು.

ಇನ್ನೊಂದು ಮಾತು. ಇಂದಿರಾ ಅವರು ಶಾಲೆಗೆ ಹೋದದ್ದು ಏಳು ವರ್ಷ, ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ವಯಸ್ಸು ನಲವತ್ತು ದಾಟಿತ್ತು. ನರಸಿಂಹಯ್ಯನವರದ್ದು ನಾಲ್ಕನೇ ಕ್ಲಾಸು ಅಂತ ಆಗಲೇ ಹೇಳಿದೆ. ಅವರಿಗಿಲ್ಲದ ನಾಚಿಕೆ, ಪಿ.ಯು.ಸಿ.ವರೆಗೆ ಹೋದ ನನಗೆ ಯಾಕಿತ್ತು?

ಸರಿ, ಈಗ ಕಂಡಕ್ಟರ್ ಸಾಹೇಬರ ಪ್ರಶ್ನೆ.

‘ಮಲೆಗಳಲ್ಲಿ ಮದುಮಗಳು’ 1967ರದ್ದು, ಏಳುನೂರು ಪುಟದ ಆಸುಪಾಸು. ನಾನು ಎರಡು ಸಲ ಮುಗ್ಗರಿಸಿದ್ದು ಹೆಸರುಗಳಿಗೆ. ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ... ಯಾರು ಯಾವ ಮನೆಯವರು, ಯಾರು ಯಾರ ಆಳು, ಒಂದೂ ತಲೆಗೆ ಹತ್ತುತ್ತಿರಲಿಲ್ಲ. ನಾಯಕ ಯಾರು ಅಂತ ಹುಡುಕುತ್ತಿದ್ದೆ ನೋಡಿ, ಸಿನಿಮಾ ಬುದ್ಧಿ. ಮೊದಲ ಪುಟದಲ್ಲಿ ಬಂದವನೇ ಹೀರೋ ಆಗಬೇಕು, ಇಪ್ಪತ್ತನೆಯ ಪುಟದಲ್ಲಿ ಹೀರೋಯಿನ್ ಬರಬೇಕು. ಇಲ್ಲಿ ಮೊದಲು ಬರುವವನು ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿ. ಅವನನ್ನು ಹಿಡಿದುಕೊಂಡು ಹೊರಟರೆ ಕತೆ ಅವನನ್ನು ಬಿಟ್ಟು ಇನ್ನೊಂದು ಮನೆಯ ಜಗಲಿ ಹತ್ತುತ್ತದೆ. ಈ ಸಲ ಒಂದು ಉಪಾಯ ಮಾಡಿದೆ. ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಮನೆಗಳ ಹೆಸರು ಬರೆದು, ಕೆಳಗೆ ಆಯಾ ಮನೆಯ ಜನರ ಹೆಸರು ಸೇರಿಸುತ್ತಾ ಹೋದೆ. ನೂರನೆಯ ಪುಟದ ಹೊತ್ತಿಗೆ ಪೆನ್ಸಿಲ್ಲು ಬೇಡವಾಯಿತು. ಇನ್ನೂರರ ಹೊತ್ತಿಗೆ ನಾನೇ ಆ ಊರಿನವನಾಗಿದ್ದೆ.

ಎಲ್ಲವೂ ಹಿತವಾಗಿತ್ತು ಅಂತ ಹೇಳಲಾರೆ. ರೀಲು ಬಿಡುವುದಿಲ್ಲ ಅಂದೆನಲ್ಲ. ಕಾಡಿನ ವರ್ಣನೆ ಬಂದಾಗ ಕೆಲವು ಕಡೆ ಪುಟ ಹಾರಿಸಿದ್ದೇನೆ. ದೊಡ್ಡ ದೊಡ್ಡ ಸಂಸ್ಕೃತ ಪದ ಸಾಲುಗಟ್ಟಿ ಬಂದಾಗ ಮೇಷ್ಟ್ರ ಬೆತ್ತ ನೆನಪಾಗುತ್ತಿತ್ತು. ಆದರೆ ಅದೇ ಕುವೆಂಪು ಐತ-ಪೀಂಚಲು ಜೋಡಿಯನ್ನು ಬರೆಯುವಾಗ, ಹೆಗ್ಗಡೆಯ ಜತೆ ನಡೆಯಬೇಕಿದ್ದ ಮದುವೆಯಿಂದ ಚಿನ್ನಮ್ಮ ಕತ್ತಲಲ್ಲಿ ಓಡಿಹೋಗುವುದನ್ನು ಬರೆಯುವಾಗ, ನಾನು ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದೆ. ಇದನ್ನು 2010ರಲ್ಲಿ ಮೈಸೂರಿನ ರಂಗಾಯಣದವರು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ನಾಟಕವಾಗಿ ಆಡಿದರು. ಒಂಬತ್ತು ಗಂಟೆಯ ನಾಟಕ! ಜನ ಕಂಬಳಿ ಹೊದ್ದು ಕೂತು ನೋಡಿದರು. ಎರಡೂವರೆ ಗಂಟೆಗಿಂತ ಹೆಚ್ಚಾದರೆ ಪ್ರೇಕ್ಷಕ ಕೂರುವುದಿಲ್ಲ ಎನ್ನುವ ನಮ್ಮ ನಿರ್ಮಾಪಕರಿಗೆ ಇದನ್ನು ಯಾರಾದರೂ ಹೇಳಬೇಕು.

ಇನ್ನು ಹುಲಿಯ. ಕಂಡಕ್ಟರ್ ಸಾಹೇಬರೇ, ಹುಲಿಯ ಹುಲಿಯಲ್ಲ. ಗುತ್ತಿಯ ನಾಯಿ. ಮೊದಲನೆಯ ಪುಟಗಳಿಂದ ಅವನ ಕಾಲಿಗೆ ಕಾಲು ಸೇರಿಸಿ ನಡೆದ ನಾಯಿ. ಒಡೆಯರಿಗೆ ಗುತ್ತಿ ಒಂದು ಆಳು. ಆದರೆ ಹುಲಿಯನಿಗೆ ಅವನೇ ಒಡೆಯ, ಅವನೇ ಲೋಕ. ಪ್ರೀತಿಸಿದ ತಿಮ್ಮಿಯನ್ನು ಕರೆದುಕೊಂಡು ಗುತ್ತಿ ಊರು ಬಿಟ್ಟು ಹೋಗುವಾಗ ತುಂಗೆ ತುಂಬಿ ಹರಿಯುತ್ತಿದೆ. ಆ ಹೊಳೆಯಲ್ಲಿ ಹುಲಿಯ ಕೊಚ್ಚಿ ಹೋಗುತ್ತದೆ. ಅಷ್ಟು ದೊಡ್ಡ ಕಾದಂಬರಿಯನ್ನು ಆ ಮಹಾನುಭಾವರು ಒಂದು ನಾಯಿಯ ಸಾವಿನ ಹತ್ತಿರ ತಂದು ನಿಲ್ಲಿಸಿದರು.

ನನಗೆ ಏನನ್ನಿಸಿತು ಅಂತ ಕೇಳಿದ್ದಿರಿ. ಓದಿದ್ದು ರಾತ್ರಿ ಎರಡು ಗಂಟೆಗೆ. ದೀಪ ಆರಿಸದೆ ಕೂತಿದ್ದೆ. ಅತ್ತೆನಾ ಅಂದರೆ, ಅತ್ತೆ. ಅದಾದ ಮೇಲೆ ನಗು ಬಂತು. ನಾನು ಗೀಚಿದ್ದ ‘ವನ್ಯಮೃಗದ ಗಾಂಭೀರ್ಯ’ ಅಚ್ಚಾಗಿ ನಿಮ್ಮ ಕೈ ಸೇರಿದ್ದರೆ, ಟಿಕೆಟ್ ಹರಿಯುತ್ತಾ ಬಸ್ಸಿನ ತುಂಬ ಹೇಳಿಕೊಂಡು ನಗುತ್ತಿದ್ದಿರಿ. ನಕ್ಕಿದ್ದರೂ ಸರಿಯೇ ಇತ್ತು. ಆದರೆ ನಿಮ್ಮ ಕಾಗದ ಬರದಿದ್ದರೆ ನಾನು ಈ ಜನ್ಮದಲ್ಲಿ ಹುಲಿಯನನ್ನು ನೋಡುತ್ತಿರಲಿಲ್ಲ. ಕಾಗದದಲ್ಲಿ ಊರಿನ ಹೆಸರು ಇದೆ, ರೂಟ್ ನಂಬರ್ ಇಲ್ಲ. ಬರೆದು ತಿಳಿಸಿ. ಆ ಕಡೆ ಬಂದಾಗ ನಿಮ್ಮ ಬಸ್ಸಿನಲ್ಲೇ ಹತ್ತುತ್ತೇನೆ, ಟಿಕೆಟ್ ತೆಗೆದುಕೊಂಡೇ.

ಮೂರು ತಿಂಗಳ ನಂತರ ಮತ್ತೆ ಭೇಟಿ. ಅಂದ ಹಾಗೆ, ಅನಂತಮೂರ್ತಿಯವರ ‘ಸಂಸ್ಕಾರ’ದ ಬಗ್ಗೆ ಇಬ್ಬರು ಕೇಳಿದ್ದಾರೆ. 1970ರ ಚಿತ್ರ ನೋಡಿದ್ದೇನೆ. ಪುಸ್ತಕ ಓದಿಲ್ಲ.